ಮೂರು ಬಂಗುಡೆ, ಅರವತ್ತು ಟ್ಯೂಬು

ಕಡೂರಿನ ಸಂತೆ ಮೈದಾನದ ಹಿಂದಿರುವ ಹುಲಿಯಮ್ಮನ ಮೀನಂಗಡಿಯಲ್ಲಿ, ಕಳೆದ ನವೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಏಳೂಕಾಲಿನಿಂದ ಎಂಟೂ ಹತ್ತರವರೆಗೆ, ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಯಾವ ಕಡೆಗೆ ಮುಖ ಮಾಡಿತ್ತು ಎಂಬುದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅರಬ್ಬೀ ಸಮುದ್ರದ ಬಂಗುಡೆ ಮೀನಿನ ವಂಶಾವಳಿ, ದೊಡ್ಡದೊಂದು ಸಂಶೋಧನಾ ಯೋಜನೆಯ ಮರ್ಯಾದೆ, ಒಬ್ಬ ಪ್ರಾಣಿಶಾಸ್ತ್ರದ ಮೇಷ್ಟ್ರ ಕೆಲಸ ಖಾಯಂ ಆಗುವ ವಿಚಾರ, ತರೀಕೆರೆಯ ಒಬ್ಬ ಹುಡುಗಿಯ ಪಿಎಚ್.ಡಿ. ಸೀಟು, ಇಷ್ಟೂ ಆ ಕುರ್ಚಿಯ ನಾಲ್ಕು ಕಾಲುಗಳ ಮೇಲೆ ನಿಂತಿದ್ದವು. ಅದರಲ್ಲಿ ಒಂದು ಕಾಲು ಮೊದಲೇ ಸೀಳಿತ್ತು. ಕುರ್ಚಿ ಗೋಡೆಗೆ ಮುಖ ಮಾಡಿತ್ತು. ಅದರಲ್ಲಿ ಕೂತಿದ್ದ ಮೇಷ್ಟ್ರು ಪರಮೇಶ ಐವತ್ತೈದು ನಿಮಿಷ ಗೊಬ್ಬರದಂಗಡಿಯ ಕ್ಯಾಲೆಂಡರನ್ನು ನೋಡಿದ್ದ. ಅವನ ಬೆನ್ನ ಹಿಂದೆ ಹುಲಿಯಮ್ಮ ಅವನು ಕೊಟ್ಟ ಪುಟ್ಟ ಕತ್ತರಿಯಿಂದ ಮೀನಿನ ರೆಕ್ಕೆ ಕತ್ತರಿಸಿ, ಅವನು ಕೊಟ್ಟ ಅರವತ್ತು ಸ್ಪಿರಿಟ್ ಟ್ಯೂಬುಗಳಲ್ಲಿ ಒಂದೊಂದು ಚೂರು ಹಾಕಿ ಮುಚ್ಚಳ ತಿರುಗಿಸಿದ್ದಳು. ಆ ತಿಂಗಳ ಅಮಾವಾಸ್ಯೆ ಯಾವ ವಾರ ಬಿತ್ತೆಂದು ಪರಮೇಶ ಇವತ್ತಿಗೂ ಹೇಳಬಲ್ಲ.

ಈಗ ಮಾರ್ಚ್. ಅಜ್ಜಂಪುರದಿಂದ ಕಡೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಅವನು ಫೋನಿನಲ್ಲಿದ್ದ ವರದಿಯನ್ನು ಮತ್ತೆ ತೆರೆದ. ಓದಿದಷ್ಟೂ ಅದು ಬದಲಾಗುತ್ತದೇನೋ ಎಂಬ ಆಸೆ ಅವನಿಗೆ ಹಿಂದಿನ ಸಂಜೆಯಿಂದ ಹತ್ತಿಕೊಂಡಿತ್ತು. ಯೋಜನೆ ಸರಳವಾಗಿತ್ತು: ಪಶ್ಚಿಮ ಕರಾವಳಿಯ ಐದು ಬಂದರುಗಳಿಗೆ ಹೋಗಬೇಕು, ಬಂದರಿಗೆ ಹನ್ನೆರಡರಂತೆ ಬಂಗುಡೆಗಳ ರೆಕ್ಕೆಯ ಚೂರು ತರಬೇಕು. ಕರಾವಳಿಯ ಸಂಶೋಧನಾ ಕೇಂದ್ರದ ಡಾ. ಹೇಮಾವತಿ ಅವುಗಳ ಜೀನೋಮ್ ಸೀಕ್ವೆನ್ಸಿಂಗ್ ಮಾಡಿಸುತ್ತಾರೆ. ಕರಾವಳಿಯ ಬಂಗುಡೆಯೆಲ್ಲ ಒಂದೇ ಕುಲವೋ, ಅಥವಾ ಊರಿಗೊಂದು ಮನೆತನ ಮಾಡಿಕೊಂಡು ಬೇರೆ ಬೇರೆ ಬದುಕುತ್ತಿದೆಯೋ ಎಂಬುದು ಗೊತ್ತಾಗುತ್ತದೆ. ಬೇರೆ ಬೇರೆ ಎಂದಾದರೆ ಒಂದು ಕಡೆ ಹಿಡಿದು ಬರಿದು ಮಾಡಿದ್ದನ್ನು ಇನ್ನೊಂದು ಕಡೆಯ ಮೀನು ಬಂದು ತುಂಬುವುದಿಲ್ಲ. ಸಮುದ್ರವನ್ನೇ ಕಾಣದ ಕಡೂರಿನ ಶ್ರೀ ಗುರುಕೃಪಾ ಪದವಿ ಕಾಲೇಜಿಗೆ ಇದರಲ್ಲೇನು ಕೆಲಸವೆಂದು ಕೇಳಿದರೆ, ಒಳನಾಡಿನ ಕಾಲೇಜುಗಳನ್ನೂ ಸೇರಿಸಿಕೊಳ್ಳಬೇಕೆಂದು ಮೇಲಿನಿಂದ ಆದೇಶವಿತ್ತು. ಪರಮೇಶ ಬಂದರಿಗೆ ಹೋಗಲಿಲ್ಲ. ಬಂದರೇ ಘಟ್ಟ ಹತ್ತಿ ಅವನ ಬಳಿಗೆ ಬರುತ್ತಿತ್ತಲ್ಲ. ಹುಲಿಯಮ್ಮನ ಅಂಗಡಿಯ ಥರ್ಮೋಕೋಲ್ ಡಬ್ಬಗಳ ಮೇಲೆ ಮಾರ್ಕರಿನಲ್ಲಿ ಊರ ಹೆಸರು ಬರೆದಿರುತ್ತಿತ್ತು: ಕಾರವಾರ, ಮಲ್ಪೆ, ರತ್ನಗಿರಿ. ಮೀನೇ ಇಷ್ಟು ದೂರ ಬಂದಿರುವಾಗ ಮನುಷ್ಯ ಅಷ್ಟು ದೂರ ಹೋಗುವುದು ಅವನಿಗೆ ಅವೈಜ್ಞಾನಿಕವಾಗಿ ಕಂಡಿತ್ತು. ವರದಿ ಹೇಳುತ್ತಿತ್ತು: ಅರವತ್ತು ಟ್ಯೂಬುಗಳಲ್ಲಿ ಇರುವುದು ಮೂರೇ ಮೀನು. ಅದರಲ್ಲೂ ಒಂದು ಮೀನು ಕಾರವಾರದಲ್ಲಿ ಸಿಕ್ಕಿಬಿದ್ದು, ಮಲ್ಪೆಯಲ್ಲಿ ಸಿಕ್ಕಿಬಿದ್ದು, ಮೂರು ದಿನ ಬಿಟ್ಟು ರತ್ನಗಿರಿಯಲ್ಲಿ ಮತ್ತೆ ಸಿಕ್ಕಿಬಿದ್ದಿತ್ತು. ಕೆಳಗೆ ಹೇಮಾವತಿಯವರ ಒಂದು ಸಾಲು: ‘ಪರಮೇಶ್ ಅವರೇ, ನಾಳೆ ಬರುತ್ತಿದ್ದೇನೆ. ಧನುಶ್ರೀಯೂ ಇರಲಿ.’ ಬೈಗುಳವಿಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. ಆ ಪೂರ್ಣವಿರಾಮಗಳು ಅವನಿಗೆ ರಾತ್ರಿಯೆಲ್ಲ ಚುಚ್ಚಿದ್ದವು.

‘ಏನ್ ಮೇಷ್ಟ್ರೇ, ಬೆಳಬೆಳಿಗ್ಗೆ ಫೋನಲ್ಲಿ ಮುಳುಗ್ಬಿಟ್ಟಿದ್ದೀರಿ?’ ಎದುರಿನ ಸೀಟಿಗೆ ತಿಮ್ಮೇಶಣ್ಣ ಬಂದು ಕೂತ. ಅಜ್ಜಂಪುರದಲ್ಲಿ ಬೀಜದಂಗಡಿ, ಕಡೂರಿನಲ್ಲಿ ಕಾಲೇಜಿನ ಟ್ರಸ್ಟಿನ ಮೆಂಬರು. ಪರಮೇಶ ಖಾಯಂ ಆಗುವ ಕಾಗದ ಆರು ತಿಂಗಳಿಂದ ಇವನ ಮೇಜಿನ ಡ್ರಾಯರಿನಲ್ಲಿತ್ತು. ‘ಅಲ್ಲಾ, ಮೀನಿನ ಮೇಲೆ ಏನೋ ಕೆಲ್ಸ ಮಾಡ್ತಿದ್ದೀರಂತೆ? ಅಜ್ಜಯ್ಯನೋರ ಮಗ ಹೋಗಿ ಹೋಗಿ ಮೀನ್ ಹಿಡ್ಕಂಡ್ನಾ ಅಂತ ಟ್ರಸ್ಟ್‌ನಲ್ಲಿ ಒಬ್ರು ಕೇಳಿದ್ರು ಕಣ್ರೀ.’

‘ಎಲ್ಲಾ ಕಂಪ್ಯೂಟರ್ನಲ್ಲಿ ಅಣ್ಣಾ. ನಾನು ಮುಟ್ಟಲ್ಲ. ಅದಕ್ಕೆ ಅಸಿಸ್ಟೆಂಟ್ ಹುಡುಗಿ ಇದ್ದಾಳೆ.’

‘ನಾನೂ ಅದೇ ಹೇಳ್ದೆ. ಮುಟ್ಟೋ ಜನ ಬೇರೆ ಇರ್ತಾರೆ, ಇವ್ರು ಬರ್ಕೋತಾರೆ ಅಷ್ಟೆ ಅಂತ.’ ತಿಮ್ಮೇಶಣ್ಣ ತೃಪ್ತಿಯಿಂದ ಕಾಲು ಚಾಚಿದ. ಅವನ ಚಪ್ಪಲಿ ಪರಮೇಶನ ಪ್ಯಾಂಟಿಗೆ ತಗುಲಿ ಮಣ್ಣು ಹತ್ತಿತು. ಪರಮೇಶ ಕಾಲು ಹಿಂದಕ್ಕೆಳೆದುಕೊಂಡು, ತನ್ನದೇ ತಪ್ಪೆನ್ನುವಂತೆ ನಕ್ಕ.

ಬೀರೂರು ಬಂತು, ಹೋಯಿತು. ಮುಟ್ಟಲ್ಲ ಎಂದದ್ದು ಸುಳ್ಳಾಗಿರಲಿಲ್ಲ. ಅವನು ಮೀನನ್ನು ಮುಟ್ಟಿದ್ದು ಜೀವಮಾನದಲ್ಲಿ ಒಂದೇ ಸಲ, ಒಂಬತ್ತನೇ ವಯಸ್ಸಿನಲ್ಲಿ, ಎಮ್ಮೆದೊಡ್ಡಿ ಕಾವಲಿನ ಅಂಚಿನ ಚಿಕ್ಕಪ್ಪನ ಮನೆಗೆ ಅಪ್ಪ ಅವ್ವನ ಜೊತೆ ಬೇಸಿಗೆ ರಜಕ್ಕೆ ಹೋಗಿದ್ದಾಗ. ದನ ಕಾಯುವ ಓಬಳಪ್ಪ ಮಧ್ಯಾಹ್ನ ಜಾಲಿ ಮರದ ಕೆಳಗೆ ಮೂರು ಕಲ್ಲು ಹೂಡಿ ಒಣಮೀನು ಸುಡುತ್ತಿದ್ದ. ಆ ವಾಸನೆ ಗಾಳಿಯಲ್ಲಿ ಬಂದು ಹುಡುಗನ ಕೈಹಿಡಿದು ಎಳೆದುಕೊಂಡು ಹೋಯಿತು. ‘ಬ್ಯಾಡ ಬುದ್ಧಿ, ನಿಮ್ಮಂತೋರು ತಿನ್ನೋದಲ್ಲ ಇದು,’ ಎಂದು ಓಬಳಪ್ಪ ಎರಡು ಸಲ ಹೇಳಿದ್ದ. ಹುಡುಗ ಕೆಂಡದ ಮೇಲಿನದನ್ನೇ ಕಿತ್ತುಕೊಂಡು ತಿಂದ. ಒಂದಲ್ಲ, ಎರಡು. ಬೆರಳುಗಳನ್ನು ಒಂದೊಂದಾಗಿ ನೆಕ್ಕಿದ. ಸಂಜೆ ಅವ್ವ ಅಂಬಮ್ಮ ಅವನ ಬಾಯಿ ಮೂಸಿದಳು. ಯಾರೋ ತಿನ್ಸಿದ್ದು ನಿಂಗೆ? ಓಬಳಪ್ಪ, ಎಂದ ಅವನು. ಮತ್ತೇನೂ ಹೇಳಲಿಲ್ಲ, ಅಷ್ಟೇ ಸಾಕಾಗಿತ್ತು. ಅಪ್ಪ ಅಜ್ಜಯ್ಯ ಗೂಟದಿಂದ ಬಾರುಕೋಲು ಇಳಿಸಿದ. ಅಂಗಳದಲ್ಲಿ ನಿಂತ ಓಬಳಪ್ಪ ಹುಡುಗನ ಮುಖವನ್ನೊಮ್ಮೆ ನೋಡಿ, ‘ಹೌದು ಬುದ್ಧಿ, ನಾನೇ ತಿನ್ಸ್ದೆ. ಮಗ ಬ್ಯಾಡ ಅಂತು,’ ಎಂದುಬಿಟ್ಟ. ಆ ಕೊನೆಯ ಮಾತನ್ನು ಅವನು ಏಕೆ ಸೇರಿಸಿದನೋ. ಯಾರೂ ಕೇಳಿರಲಿಲ್ಲ. ‘ನೋಡ್ಬ್ಯಾಡ ಕಣೋ,’ ಎಂದು ಅವ್ವ ಪರಮೇಶನ ಗಲ್ಲ ಹಿಡಿದು ಗೋಡೆಗೆ ತಿರುಗಿಸಿದಳು. ಗೋಡೆಯಲ್ಲಿ ಸುಣ್ಣ ಹಪ್ಪಳದಂತೆ ಎದ್ದಿತ್ತು. ಬೆನ್ನ ಹಿಂದೆ ಸದ್ದಾಗುತ್ತಿದ್ದಾಗ ಹುಡುಗ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಮೀನಿನ ಎಳೆಯೊಂದನ್ನು ನಾಲಿಗೆಯಿಂದ ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದ. ಅದಕ್ಕೆ ಇನ್ನೂ ಉಪ್ಪಿತ್ತು.

ಹುಲಿಯಮ್ಮನ ಅಂಗಡಿಯಲ್ಲಿ ಅವನು ಕುರ್ಚಿ ತಿರುಗಿಸಿ ಕೂತದ್ದು ಹೇಸಿಗೆಯಿಂದ ಎಂದು ಅವಳು ತಿಳಿದಿದ್ದಳು, ದಾರಿಹೋಕರೂ ಹಾಗೇ ತಿಳಿದಿದ್ದರು. ಬಾಗಿಲ ಪಕ್ಕ ಒಣಮೀನಿನ ರಾಶಿಯಿತ್ತು. ಅವನ ಬಾಯಲ್ಲಿ ನೀರೂರುತ್ತಿತ್ತು. ಅದು ಯಾರಿಗೂ ಕಾಣಬಾರದಿತ್ತು.

ಇವತ್ತು ಅವನು ಸ್ಟೇಷನ್ನಿನಿಂದ ನೇರವಾಗಿ ಅಲ್ಲಿಗೇ ನಡೆದ. ಹುಲಿಯಮ್ಮ ಐಸು ಕುಟ್ಟುತ್ತಿದ್ದಳು.

‘ಓಹೋ, ರೆಕ್ಕೆ ಮೇಷ್ಟ್ರು! ಕುರ್ಚಿ ಹಾಕ್ಲಾ? ಗೋಡೆ ಅಲ್ಲೇ ಐತೆ, ಎಲ್ಲೂ ಹೋಗಿಲ್ಲ.’

‘ಹುಲಿಯಮ್ಮ, ಅವತ್ತು ನೀನು ಎಷ್ಟು ಮೀನಿನ ರೆಕ್ಕೆ ಕತ್ತರಿಸಿದೆ?’

‘ಅರವತ್ತು ಚೂರು ಅಂದಿದ್ರಿ. ಲೆಕ್ಕಕ್ಕೆ ಸರ್ಯಾಗಿ ಅರವತ್ತೂ ಹಾಕ್ದೆ. ಯಾಕೆ, ಕಮ್ಮಿ ಬಂತಾ?’

‘ಅರವತ್ತು ಮೀನಿಂದ ಒಂದೊಂದು ಚೂರು ಬೇಕಿತ್ತು.’

ಅವಳು ಐಸು ಕುಟ್ಟುವುದನ್ನು ನಿಲ್ಲಿಸಿ, ಇವನಿಗೆ ಬುದ್ಧಿ ನೆಟ್ಟಗಿದೆಯೇ ಎಂಬಂತೆ ನೋಡಿದಳು. ‘ಅಯ್ಯೋ ಶಿವನೇ! ರೆಕ್ಕೆ ಕುಯ್ದಿರೋ ಮೀನ ಯಾರ್ ಒಯ್ತಾರೆ ಸ್ವಾಮಿ? ಹಳಸಿದ್ದು, ಅದ್ಕೇ ಕತ್ತರಿಸವ್ಳೆ ಅಂತಾರೆ. ಅರವತ್ತು ಮೀನ ಕೆಡಿಸ್ಕಂಡು ನಾನೇನ್ ಮಾಡ್ಲಿ? ಬಂಗುಡೆ ನೋಡಿದ್ದೀರಾ ನೀವು, ಒಂದ್ಸಲನಾದ್ರೂ? ಬಾಲದ್ ಹತ್ರ ಮೇಲೆ ಕೆಳಗೆ ಚಿಕ್‌ಚಿಕ್ಕ ರೆಕ್ಕೆ ಸಾಲಾಗಿ ಇರ್ತವೆ. ಅವು, ಬಾಲ, ಬೆನ್ನಿನ ರೆಕ್ಕೆ ಎಲ್ಲಾ ಸೇರಿ ಒಂದ್ ಮೀನಿಗೆ ಇಪ್ಪತ್ತು ಚೂರು ಆರಾಮಾಗ್ ಬತ್ತದೆ. ಮೂರ್ ಮೀನು ಸಾಕಾಯ್ತು. ನಂಗೇ ಖುಸಿಯಾಗಿತ್ತು, ಮೇಷ್ಟ್ರ ಕೆಲ್ಸ ಚೊಕ್ಕಾಗಿ ಮಾಡ್ಕೊಟ್ಟೆ ಅಂತ.’

ಪರಮೇಶನಿಗೆ ಬಂಗುಡೆಯ ಆ ಕಿರುರೆಕ್ಕೆಗಳ ಬಗ್ಗೆ ಗೊತ್ತಿತ್ತು. ಪ್ರತಿವರ್ಷ ಎರಡನೇ ಸೆಮಿಸ್ಟರಿಗೆ ಅವನು ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ, ಐದು ಮೇಲೆ, ಐದು ಕೆಳಗೆ.

‘ಯಾರಾದ್ರೂ ಬಂದು ಕೇಳಿದ್ರೆ...’ ಎಂದು ಶುರು ಮಾಡಿದ.

‘ಏನಂತ?’

‘ರೆಕ್ಕೆ ತಗೊಂಡು ಹೋಗಿದ್ದು ಯಾರು ಅಂತ.’

ಹುಲಿಯಮ್ಮ ಮನಸಾರೆ ನಕ್ಕಳು. ‘ಈ ನಾತದೊಳಗೆ ನನ್ನ ಯಾರ್ ಕೇಳಕ್ ಬತ್ತಾರೆ ಮೇಷ್ಟ್ರೇ?’ ಪರಮೇಶ ಸಮಾಧಾನಗೊಂಡ. ಸಮಾಧಾನಗೊಂಡದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಅದು ಮೈದಾನ ದಾಟುವಷ್ಟರಲ್ಲಿ ಕರಗಿತು.

ನಾಚಿಕೆ ಬೇರೆ ಕಡೆ ಕಾದಿತ್ತು. ಯೋಜನೆಯ ಅಸಿಸ್ಟೆಂಟ್ ಧನುಶ್ರೀ ಡಿಪಾರ್ಟ್‌ಮೆಂಟಿನ ಬಾಗಿಲಲ್ಲಿ ಇಸ್ತ್ರಿ ಮಾಡಿದ ಹಸಿರು ಚೂಡಿದಾರ ಹಾಕಿಕೊಂಡು ನಿಂತಿದ್ದಳು. ಹೇಮಾವತಿಯವರು ಬರುತ್ತಿರುವುದು ತನ್ನನ್ನು ನೋಡಲೆಂದು, ಜೂನಿನಿಂದ ಅವರ ಲ್ಯಾಬಿನಲ್ಲಿ ಪಿಎಚ್.ಡಿ.ಗೆ ಸೇರಿಸಿಕೊಳ್ಳುವ ಮಾತಿಗೆಂದು ಅವಳು ತಿಳಿದಿದ್ದಳು. ಆ ಮಾತು ಜನವರಿಯಲ್ಲೇ ಆಗಿತ್ತು. ವರದಿಯ ವಿಚಾರ ಪರಮೇಶ ಅವಳಿಗೆ ಹೇಳಿರಲಿಲ್ಲ. ‘ಸರ್, ಅಮ್ಮ ನಿಮಗೂ ಕೊಟ್ಟಿದ್ದಾರೆ,’ ಎಂದು ಅವಳು ಒಂದು ಡಬ್ಬಿ ಮುಂದೆ ಹಿಡಿದಳು. ‘ಹೋಳಿಗೆ ಸರ್. ಹೊಸಾ ಪಾತ್ರೇಲಿ ಮಾಡಿದ್ದು.’ ತರೀಕೆರೆಯ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಯಲ್ಲಮ್ಮ ಹೊಸ ಪಾತ್ರೆಯ ಮಾತನ್ನು ಮಗಳಿಗೆ ಹೇಳಿಕೊಟ್ಟು ಕಳಿಸಿದ್ದಳೋ, ಮಗಳೇ ಸೇರಿಸಿದ್ದಳೋ. ಪರಮೇಶ ಡಬ್ಬಿಯನ್ನು ಮೇಜಿನ ಮೇಲೆ ಇಡಲು ಹೇಳಿದ. ಕಳೆದ ಡಿಸೆಂಬರಿನಲ್ಲಿ ಇದೇ ಮೇಜಿನ ಮೇಲೆ ಅವನು ಮಾದರಿ ಸಂಗ್ರಹದ ಐದು ಫಾರಂ ಹರಡಿದ್ದ, ಬಂದರಿಗೊಂದರಂತೆ, ತಾರೀಕು ತುಂಬಿ. ಸಂಗ್ರಹಿಸಿದವರು ಎಂಬ ಖಾನೆ ಖಾಲಿಯಿತ್ತು. ಆ ಫಾರಮಿನ ಒಂದು ಪ್ರತಿ ಟ್ರಸ್ಟಿಗೆ ಹೋಗುತ್ತದೆ; ಅಲ್ಲಿ ತಿಮ್ಮೇಶಣ್ಣ ಕನ್ನಡಕ ಹಾಕಿಕೊಂಡು ‘ಮೀನು’ ಎಂಬ ಪದದ ಎದುರು ಅಜ್ಜಯ್ಯನ ಮಗನ ಸಹಿಯನ್ನು ಓದುತ್ತಾನೆ. ‘ನೀನೇ ಸಹಿ ಹಾಕಮ್ಮ ಧನು,’ ಎಂದಿದ್ದ ಪರಮೇಶ, ‘ನಿನ್ನ ಬಯೋಡೇಟಾಗೆ ಒಳ್ಳೇದು.’ ಅವಳು ಹಿಂದೊಮ್ಮೆ ಕೇಳಿದ್ದಳು, ಸರ್, ಬಂದರಿಗೆ ನಾನೇ ಹೋಗ್ಬತ್ತೀನಿ, ನಂಗೆ ಮೀನಿನ್ ಅಭ್ಯಾಸ ಇದೆ ಅಂತ. ಬೇಡ, ನಾನೇ ಹೋಗಿ ಬಂದಿದ್ದೇನೆ ಎಂದು ಅವನು ಟ್ಯೂಬುಗಳ ಪೆಟ್ಟಿಗೆ ತಂದಿಟ್ಟಿದ್ದ. ಸಹಿ ಹಾಕುವ ಮೊದಲು ಅವಳು ಕೈ ತೊಳೆದುಕೊಂಡು ಬಂದಿದ್ದಳು. ಐದು ಸಲ ತನ್ನ ಪೂರ್ತಿ ಹೆಸರು ಬರೆದು, ಅಮ್ಮನಿಗೆ ತೋರಿಸಲು ಫೋಟೋ ತೆಗೆದುಕೊಂಡಿದ್ದಳು.

ಹೇಮಾವತಿ ಹನ್ನೊಂದಕ್ಕೆ ಬಂದರು. ಸಣ್ಣ ಮೈಕಟ್ಟಿನ, ದನಿ ಏರಿಸದ ಹೆಂಗಸು. ಪ್ರಿನ್ಸಿಪಾಲರ ಕೋಣೆಯಲ್ಲಿ ಕಾಫಿಯನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆದು, ಅರವತ್ತು ಗೆರೆಗಳು ಮೂರು ಗಂಟುಗಳಾಗಿ ಸೇರುವ ಚಿತ್ರ ತೋರಿಸಿದರು. ‘ಇದು ಮೂರು ಮೀನು,’ ಎಂದರು. ‘ಧನುಶ್ರೀ, ಇದನ್ನ ನನಗೆ ಅರ್ಥ ಮಾಡಿಸು.’

ಧನುಶ್ರೀ ಚಿತ್ರ ನೋಡಿದಳು. ಅವಳಿಗೆ ಅದು ಪ್ರಿನ್ಸಿಪಾಲರಿಗಿಂತ, ಪರಮೇಶನಿಗಿಂತ ಬೇಗ ಅರ್ಥವಾಯಿತು. ಅಷ್ಟು ಬೇಗ ಅರ್ಥವಾದದ್ದೇ ಅವಳಿಗೆ ಮುಳುವಾಯಿತು. ಅವಳ ಮುಖ ಬಿಳಿಚಿದ್ದನ್ನು ಎಲ್ಲರೂ ನೋಡಿದರು. ‘ಮೇಡಂ, ನಾನು ಬಂದರಿಗೆ ಹೋಗೇ ಇಲ್ಲ. ಟ್ಯೂಬ್ ತಂದ್ಕೊಟ್ಟಿದ್ದು ಸರ್. ನಾನು ಲೇಬಲ್ ಬರ್ದೆ ಅಷ್ಟೆ.’

‘ಫಾರಮಿನಲ್ಲಿ ನಿನ್ನ ಸಹಿ ಇದೆ.’

‘ಸರ್ ಹಾಕು ಅಂದ್ರು ಮೇಡಂ. ಬೇಕಾದ್ರೆ ಅಟೆಂಡೆನ್ಸ್ ನೋಡಿ, ಆ ಐದು ದಿನವೂ ನಾನು ಇಲ್ಲೇ ಇದ್ದೆ.’ ಅವಳೇ ಓಡಿಹೋಗಿ ಹಾಜರಿ ಪುಸ್ತಕ ತಂದಳು, ಪುಟ ತೆರೆದಳು, ಬೆರಳಿಟ್ಟು ತೋರಿಸಿದಳು. ಐದೂ ತಾರೀಕಿಗೆ ಅದೇ ದುಂಡಗಿನ ಪೂರ್ತಿ ಹೆಸರು. ಪರಮೇಶನಿಗೆ ಮುಗಿಯಿತು ಎನಿಸಿತು. ಒಂದು ಕ್ಷಣ ಅದರಲ್ಲಿ ಹಾಯಾದದ್ದೂ ಇತ್ತು, ಬಾಯಲ್ಲಿದ್ದ ಮುಳ್ಳು ತಾನಾಗಿಯೇ ಹೊರಬಂದ ಹಾಗೆ.

ಪ್ರಿನ್ಸಿಪಾಲರು ಪುಸ್ತಕವನ್ನೂ ಫಾರಮನ್ನೂ ಪಕ್ಕಪಕ್ಕ ಇಟ್ಟು ನೋಡಿ ತಲೆದೂಗಿದರು. ‘ನೋಡಿ ಮೇಡಂ, ಅವತ್ತು ಕಡೂರಲ್ಲೂ ಸಹಿ, ಅವತ್ತೇ ಕಾರವಾರದಲ್ಲೂ ಸಹಿ. ಬಂದರಿಗೆ ಹೋಗದೇ ಹೋದೆ ಅಂತ ಬರ್ದಿದ್ದಾಳೆ. ಇದಕ್ಕಿಂತ ಏನು ಪುರಾವೆ ಬೇಕು?’ ಪುಸ್ತಕದ ಮೇಲಿದ್ದ ಧನುಶ್ರೀಯ ಬೆರಳು ಹಾಗೇ ನಿಂತಿತು. ‘ಇನ್ನು ಪರಮೇಶ್ ಟ್ಯೂಬ್ ತುಂಬಿಸಿದ್ರು ಅನ್ನೋದು...’ ಅವರು ನಕ್ಕರು. ‘ಅವರ ಮನೆತನ ನಿಮಗೆ ಗೊತ್ತಿಲ್ಲ. ಮೀನಂಗಡಿ ಕಡೆ ತಲೆ ಹಾಕಿ ಮಲಗೋರಲ್ಲ ಅವರು. ಲ್ಯಾಬಿನಲ್ಲೂ ಸ್ಪೆಸಿಮನ್ ಬಾಟಲಿ ಅಟೆಂಡರ್ ಹತ್ರ ತೆಗಿಸ್ತಾರೆ. ಈ ಹುಡುಗಿ ಕಡೆಯವರಿಗೆ ಮೀನು ಮನೇ ಅಡುಗೆ ಇದ್ದ ಹಾಗೆ. ನಾನು ತಪ್ಪು ಅಂತ ಹೇಳ್ತಿಲ್ಲಪ್ಪ. ಇದ್ದಿದ್ದು ಹೇಳ್ದೆ.’

ತನ್ನ ಶುದ್ಧಾಚಾರ ಹೀಗೊಂದು ದಿನ ಸಾಕ್ಷಿ ಹೇಳಲು ಬರುತ್ತದೆಂದು ಪರಮೇಶ ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಆದರೆ ಧನುಶ್ರೀ ಅವನ ಕಡೆ ತಿರುಗಿದಳು. ‘ಸರ್, ನೀವೇ ಹೇಳಿ ಸರ್.’ ಆ ದನಿಯಲ್ಲಿ ಕೋಪವಿದ್ದಿದ್ದರೆ ಚೆನ್ನಾಗಿತ್ತು. ಪೂರ್ತಿ ನಂಬಿಕೆಯಿತ್ತು. ಅವನ ಕಣ್ಣು ಗೋಡೆ ಹುಡುಕಿತು. ಪ್ರಿನ್ಸಿಪಾಲರ ಕೋಣೆಯ ಗೋಡೆಯಲ್ಲಿ ಟ್ರಸ್ಟಿನವರ ಗ್ರೂಪ್ ಫೋಟೋ ಇತ್ತು. ಎರಡನೇ ಸಾಲಿನಲ್ಲಿ ಎಡದಿಂದ ನಾಲ್ಕನೆಯವನು ತಿಮ್ಮೇಶಣ್ಣ.

‘ಪರಮೇಶ್,’ ಎಂದರು ಹೇಮಾವತಿ, ‘ಒಂದೇ ಪ್ರಶ್ನೆ. ಟ್ಯೂಬಿಗೆ ತುಂಬೋದನ್ನ ನೀವು ಕಣ್ಣಾರೆ ನೋಡಿದ್ರಾ?’

‘ಇಲ್ಲ ಮೇಡಂ,’ ಎಂದ ಪರಮೇಶ. ‘ನಾನು ನೋಡಿಲ್ಲ.’

ಅದು ಅಕ್ಷರಶಃ ನಿಜವಾಗಿತ್ತು. ಆ ಕೋಣೆಯಲ್ಲಿ ಅವತ್ತು ಅವನಾಡಿದ ಮಾತುಗಳಲ್ಲಿ ಅದಕ್ಕಿಂತ ನಿಜವಾದದ್ದು ಇನ್ನೊಂದಿರಲಿಲ್ಲ. ನಿಜ ಹೇಳಿದ ಬಲದಿಂದಲೋ ಏನೋ ಅವನ ದನಿ ಗಟ್ಟಿಯಾಯಿತು. ಅವನು ಧನುಶ್ರೀಯ ಕಡೆ ತಿರುಗಿ, ಕ್ಲಾಸಿನಲ್ಲಿ ಕೇಳುವ ಹಾಗೆ ಕೇಳಿದ: ‘ಫಾರಮಿನ ಮೇಲಿರೋ ಸಹಿ ಯಾರದ್ದಮ್ಮ?’

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ಎಮ್ಮೆದೊಡ್ಡಿಯ ಅಂಗಳದಲ್ಲಿ ಇನ್ನೊಬ್ಬರು ನೋಡಿದ್ದರಲ್ಲ, ಅಷ್ಟೇ ಹೊತ್ತು.

‘ನಂದೇ ಸರ್,’ ಎಂದಳು.

ಹೇಮಾವತಿ ಲ್ಯಾಪ್‌ಟಾಪ್ ಮುಚ್ಚಿದರು. ಅವರಿಗೆ ತಿಂಗಳ ಕೊನೆಗೆ ವರದಿ ಕಳಿಸಬೇಕಿತ್ತು. ಅದರಲ್ಲಿ ತಪ್ಪು ಮಾಡಿದವರು ಎಂಬಲ್ಲಿ ಒಂದು ಹೆಸರು ಬೇಕಿತ್ತು, ಮತ್ತು ಕಾಗದದ ಮೇಲೆ ಒಂದೇ ಹೆಸರು ಇತ್ತು. ಕಾರು ಹತ್ತುವಾಗ ಅವರು ಪರಮೇಶನನ್ನು ಕೇಳಿದರು, ‘ನೀವು ಮೀನು ತಿನ್ನೋದೇ ಇಲ್ವಾ?’

‘ಛೆ ಛೆ, ಇಲ್ಲ ಮೇಡಂ.’

‘ಹೂಂ,’ ಎಂದರು ಅವರು, ‘ತಿನ್ನೋರಾಗಿದ್ರೆ ತಿರುಗಿಯಾದ್ರೂ ನೋಡ್ತಿದ್ರಿ.’ ಗಾಜು ಮೇಲಕ್ಕೆ ಏರಿತು. ಅವರಿಗೆ ಎಷ್ಟು ಗೊತ್ತಾಗಿತ್ತು ಎಂದು ಪರಮೇಶನಿಗೆ ತಿಳಿಯಲಿಲ್ಲ. ಗೊತ್ತಾಗಿಯೂ ಹಾಗೇ ಹೊರಟುಹೋದರೆಂದು ತಿಳಿಯುವುದು ಹೆಚ್ಚು ಅನುಕೂಲವಾಗಿತ್ತು. ಆಗ ಪಾಪದಲ್ಲಿ ಪಾಲುದಾರರು ಸಿಕ್ಕಂತಾಗುತ್ತಿತ್ತು, ಅದೂ ಡಾಕ್ಟರೇಟ್ ಆದವರು.

ಮಧ್ಯಾಹ್ನ ಧನುಶ್ರೀ ತನ್ನ ಸಾಮಾನು ತೆಗೆದುಕೊಳ್ಳಲು ಬಂದಳು: ಒಂದು ಬಿಳಿ ಕೋಟು, ನೀರಿನ ಬಾಟಲಿ, ಎರಡು ನೋಟ್‌ಬುಕ್ಕು. ಹೋಳಿಗೆಯ ಡಬ್ಬಿ ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ಅದನ್ನು ಎತ್ತಿಕೊಂಡಾಗ ಭಾರದಿಂದಲೇ ಅವಳಿಗೆ ಗೊತ್ತಾಯಿತು.

‘ಸರ್, ಒಂದು ಕೇಳ್ಲಾ?’

ಪರಮೇಶ ಉತ್ತರ ಪತ್ರಿಕೆ ತಿದ್ದುತ್ತಿದ್ದ.

‘ಅವತ್ತು ಸಹಿ ಹಾಕು ಅಂದ್ರಲ್ಲ, ಆವಾಗ್ಲೇ ಗೊತ್ತಿತ್ತಾ ಸರ್ ನಿಮಗೆ, ಹಿಂಗಾಗತ್ತೆ ಅಂತ?’

ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಅವನಿಗೆ ಎದ್ದುನಿಂತು ಅದನ್ನು ಹೇಳಬೇಕೆನಿಸಿತು. ಇಲ್ಲ ಕಣಮ್ಮ, ಕೇಡು ಬಯಸಿರಲಿಲ್ಲ, ಟ್ರಸ್ಟಿನವರು ನೋಡಬಾರದೆಂದು ಮಾತ್ರ. ಆದರೆ ಅದನ್ನು ಹೇಳಿದರೆ ಅದರ ಹಿಂದಿನದನ್ನು ಹೇಳಬೇಕು, ಕುರ್ಚಿಯನ್ನು ಹೇಳಬೇಕು, ಕುರ್ಚಿ ಏಕೆ ತಿರುಗಿತ್ತೆಂದು ಹೇಳಬೇಕು, ಬಾಯಲ್ಲೂರಿದ ನೀರನ್ನು ಹೇಳಬೇಕು, ಜಾಲಿ ಮರದ ತನಕ ಹೋಗಬೇಕು. ಅಷ್ಟು ದೂರ ಅವನಿಗೆ ನಡೆದು ಅಭ್ಯಾಸವಿರಲಿಲ್ಲ.

‘ತರೀಕೆರೆ ಬಸ್ಸಿಗೆ ಹೊತ್ತಾಯ್ತು,’ ಎಂದ. ‘ಹೋಗಮ್ಮ.’

ಅವಳು ಹೋದ ಮೇಲೆ ಆ ಪತ್ರಿಕೆಗೆ ಎಷ್ಟು ಅಂಕ ಕೊಟ್ಟೆನೆಂದು ನೋಡಿಕೊಂಡ. ಎರಡು ಜಾಸ್ತಿ ಕೊಟ್ಟಿದ್ದ. ಹಾಗೇ ಬಿಟ್ಟ, ಆ ದಿನ ಅವನಿಂದ ಆದ ಉಪಕಾರ ಅದೊಂದೇ.

ಏಪ್ರಿಲಿನಲ್ಲಿ ಹೊಸ ಟ್ಯೂಬುಗಳು ಬಂದವು. ಶುಕ್ರವಾರ ಬೆಳಿಗ್ಗೆ ಪರಮೇಶ ಸಂತೆ ಮೈದಾನದ ಹಿಂದೆ ಹೋದ. ಈ ಸಲ ಅರವತ್ತು ಮೀನು, ಮೀನಿಗೆ ಒಂದೇ ಚೂರು ಎಂದು ಮೂರು ಸಲ ಹೇಳಿದ. ‘ಆಯ್ತು ಮೇಷ್ಟ್ರೇ, ಅರವತ್ತೂ ಕುಯ್ತೀನಿ, ಮದ್ವೆ ಮನೆ ಆರ್ಡರ್ ಐತೆ, ಅವ್ರು ರೆಕ್ಕೆ ನೋಡಲ್ಲ,’ ಎಂದು ಹುಲಿಯಮ್ಮ ಕುರ್ಚಿ ತಂದಳು. ಅದರ ಸೀಳಿದ ಕಾಲಿಗೆ ತಂತಿ ಸುತ್ತಿದ್ದಳು. ಗೋಡೆಯಲ್ಲಿ ಕ್ಯಾಲೆಂಡರ್ ಬದಲಾಗಿತ್ತು. ಎದ್ದು ಹೊರಡುವಾಗ ಅವಳು ಕಾಗದದಲ್ಲಿ ಸುತ್ತಿದ ಎರಡು ಒಣಮೀನನ್ನು ಮಾತಿಲ್ಲದೆ ಅವನ ಬ್ಯಾಗಿನೊಳಗೆ ತುರುಕಿದಳು. ಅವನು ಬೇಡವೆನ್ನಲಿಲ್ಲ. ಅವಳು ಅವನ ಬೆನ್ನನ್ನಷ್ಟೇ ನೋಡಿದ್ದಳೆಂದು ಅವನು ತಿಳಿದಿದ್ದ. ಸಂಗ್ರಹಿಸಿದವರು ಎಂಬ ಖಾನೆಯಲ್ಲಿ ಹೊಸ ಅಸಿಸ್ಟೆಂಟ್ ಅಮೂಲ್ಯಾ ಸಹಿ ಹಾಕಿದಳು. ಅವಳು ಕೈ ತೊಳೆದುಕೊಂಡು ಬರಲಿಲ್ಲ.

ಜುಲೈನಲ್ಲಿ ವರದಿ ಬಂತು. ಅರವತ್ತು ಟ್ಯೂಬುಗಳಲ್ಲಿ ಅರವತ್ತು ಮೀನುಗಳಿದ್ದವು. ಪರಮೇಶನ ಕೆಲಸ ಖಾಯಂ ಆಯಿತು. ಧನುಶ್ರೀ ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾಳೆ.